ಕರುಳಿನೊಳಗಿನ ಗುಟ್ಟು: ಕಾಲರಾ ಮತ್ತು ಡಾ. ಶಂಭುನಾಥ ದೇ

ಏಳನೇ ತರಗತಿಗೆ ಉರ್ದು ಪಾಠ ಮಾಡುವಾಗ ಒಮ್ಮೆ 'ಹೈಜಾ' ಎಂಬ ಪದ ಬಂತು. ಅರ್ಥ ಗೊತ್ತಿದ್ದವರು ಕೈ ಎತ್ತಿ ಎಂದೆ. ಒಂದು ಕೈಯೂ ಮೇಲೇಳಲಿಲ್ಲ. ಬೋರ್ಡಿನ ಮೇಲೆ ಕನ್ನಡದಲ್ಲಿ 'ಕಾಲರಾ' ಎಂದು ಬರೆದೆ. ಆಗಲೂ ಮಕ್ಕಳಿಗೆ ಏನೂ ಹೊಳೆಯಲಿಲ್ಲ. 'ವಾಂತಿಭೇದಿ' ಎಂದಾಗ ಮಾತ್ರ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ಅದು ಬಂದ್ರೆ ಓಆರ್‌ಎಸ್ ಕುಡೀಬೇಕು" ಎಂದ. ರೋಗದ ಹೆಸರು ಗೊತ್ತಿಲ್ಲ, ಔಷಧದ ಹೆಸರು ಗೊತ್ತಿದೆ! ನನಗೆ ನಗುವೂ ಬಂತು, ಸಂತೋಷವೂ ಆಯಿತು.

ನಮ್ಮ ದಾದಿಗೆ ಆ ಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ವಾತಂತ್ರ್ಯಕ್ಕೆ ಮುಂಚಿನ ಮಾತು. ಕೊಟ್ಟೂರು ಸಮೀಪದ ಅವರ ತವರೂರಿನಲ್ಲಿ ಒಂದು ಬೇಸಿಗೆಯಲ್ಲಿ ಹೈಜಾ ಬಂದು ಅವರ ಇಬ್ಬರು ತಮ್ಮಂದಿರು ಒಂದೇ ವಾರದಲ್ಲಿ ತೀರಿಕೊಂಡರು. ಚಿಕ್ಕವನು ಕೊನೆಯತನಕ 'ಪಾನಿ, ಪಾನಿ' ಎನ್ನುತ್ತಿದ್ದನಂತೆ. ಮನೆಯ ಹಿರಿಯರು 'ಪಾನಿ ನಕ್ಕೋ ದೇವೋ' ಎಂದು ತಡೆದರಂತೆ. ನೀರು ಕೊಡಬೇಡಿ, ಕೊಟ್ಟರೆ ವಾಂತಿ ಇನ್ನೂ ಜೋರಾಗುತ್ತದೆ ಎಂಬುದು ಅವರ ಭಾವನೆ. ಪಕ್ಕದ ಕನ್ನಡದವರ ಮನೆಗಳಲ್ಲೂ ಅದೇ ಪದ್ಧತಿ. ದಾದಿ ಈ ಸಂಗತಿಯನ್ನು ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಪ್ರತಿ ಸಲವೂ "ಒಂದು ಗುಟುಕು ಕೊಟ್ಟಿದ್ದರೆ" ಎಂಬಲ್ಲಿಗೆ ಬಂದು ಮಾತು ನಿಲ್ಲಿಸುತ್ತಿದ್ದರು.

ಆ ಹಿರಿಯರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಕರುಳು ಕೆಟ್ಟಿದೆ, ಅದಕ್ಕೆ ವಿಶ್ರಾಂತಿ ಕೊಡಬೇಕು, ಬಾಯಿಂದ ಏನೂ ಹಾಕಬಾರದು ಎಂದು ಆಗಿನ ಅನೇಕ ವೈದ್ಯರೂ ತಿಳಿದಿದ್ದರು. ಈ ತಿಳುವಳಿಕೆ ಎಲ್ಲಿಂದ ಬಂತು? ಇದು ತಪ್ಪೆಂದು ಹೇಗೆ ಗೊತ್ತಾಯಿತು? ಇದರ ಹಿಂದೆ ಕಲ್ಕತ್ತೆಯ ಒಬ್ಬ ಪ್ಯಾಥಾಲಜಿಸ್ಟರ ಜೀವಮಾನದ ದುಡಿಮೆ ಇದೆ. ಅವರೇ ಡಾ. ಶಂಭುನಾಥ ದೇ. ಅವರ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊದಲು ನಮ್ಮ ಸೀಮೆಯ ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಇಂದು ನಾವು ಕರೆಯುವ ಈ ಭಾಗ 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. 'ಸೀಡೆಡ್ ಡಿಸ್ಟ್ರಿಕ್ಟ್ಸ್' ಎಂದು ಹೆಸರಾದ ಈ ಪ್ರಾಂತ್ಯಕ್ಕೆ ಮೊದಲ ಮುಖ್ಯ ಕಲೆಕ್ಟರಾಗಿ ಬಂದವರು ಥಾಮಸ್ ಮನ್ರೋ. ರೈತವಾರಿ ಪದ್ಧತಿಯ ಮನ್ರೋ ಎಂದು ಹೈಸ್ಕೂಲಿನಲ್ಲಿ ಓದಿರುತ್ತೀರಿ. ಅವರು ಮುಂದೆ ಮದರಾಸಿನ ಗವರ್ನರಾದರು. ಸ್ವದೇಶಕ್ಕೆ ಮರಳುವ ಮುನ್ನ ತಮಗೆ ಪ್ರಿಯವಾದ ಈ ಜಿಲ್ಲೆಗಳನ್ನು ಕೊನೆಯ ಸಲ ನೋಡಿಬರಲು ಹೊರಟರು. ಗುತ್ತಿಯ ಆಚೆ ಪತ್ತಿಕೊಂಡದಲ್ಲಿ 1827ರ ಜುಲೈ 6ರಂದು ಕಾಲರಾ ತಗುಲಿ ಅಂದೇ ತೀರಿಕೊಂಡರು. ಒಂದು ರಾಜ್ಯದ ಗವರ್ನರಿಗೆ, ಜೊತೆಯಲ್ಲಿ ಪರಿವಾರವಿದ್ದವರಿಗೆ ಹೀಗಾದರೆ ಬಡ ರೈತನ ಪಾಡೇನು?

ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 1878ರವರೆಗೆ, ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲೇ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದಾಗಿತ್ತು. ಹಸಿದ ಜನ ಪರಿಹಾರ ಕಾಮಗಾರಿಗಳಲ್ಲಿ ಸಾವಿರಗಟ್ಟಲೆ ಸೇರಿದರು. ಬತ್ತಿದ ಕೆರೆಯ ತಳದ ನೀರನ್ನೇ ಎಲ್ಲರೂ ಕುಡಿದರು. ಹಸಿವಿನ ಹಿಂದೆಯೇ ಕಾಲರಾ ಬಂತು. ಕೂಲಿಯವನ ದಿನದ ಪಾಲನ್ನು ಒಂದು ಪೌಂಡ್ ಧಾನ್ಯಕ್ಕೆ ಇಳಿಸಿದ ಸರ್ ರಿಚರ್ಡ್ ಟೆಂಪಲ್ ಅವರ ಲೆಕ್ಕಾಚಾರವನ್ನು, ಮದರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಷ್ ಎಂಬ ವೈದ್ಯರು ಬಹಿರಂಗವಾಗಿ ವಿರೋಧಿಸಿದರು. ಅಧಿಕಾರಿಯೊಬ್ಬ ಅಧಿಕಾರಿಯ ಎದುರು ನಿಂತು ಬಡವನ ಹೊಟ್ಟೆಯ ಪರ ಮಾತಾಡಿದ ಈ ಪ್ರಸಂಗವೂ ಓದಬೇಕಾದದ್ದೇ. ಅದು ಬೇರೆ ಲೇಖನದ ವಿಷಯವಾದ್ದರಿಂದ ಇಲ್ಲಿಗೆ ಬಿಡುತ್ತೇನೆ.

ನಮ್ಮಲ್ಲಿ ಜನ ಸೇರುವ ಇನ್ನೊಂದು ಸಂದರ್ಭ ಜಾತ್ರೆ. ಕೊಟ್ಟೂರೇಶ್ವರನ ತೇರು, ತುಂಗಭದ್ರೆಯ ದಡದಲ್ಲಿ ಮೈಲಾರದ ಕಾರಣಿಕ, ಎರಡೂ ಮಾಘ ಮಾಸದ ಆಸುಪಾಸಿನಲ್ಲಿ ಬರುತ್ತವೆ. ಬಂಡಿ ಕಟ್ಟಿಕೊಂಡು, ಕಾಲ್ನಡಿಗೆಯಲ್ಲಿ ದೂರದೂರದಿಂದ ಬಂದ ಜನ ಒಂದೇ ಹೊಳೆ, ಒಂದೇ ಬಾವಿಯ ನೀರು ಬಳಸುತ್ತಿದ್ದರು. ಜಾತ್ರೆಗೆ ಹೋಗುವವರಿಗೆ ಕಾಲರಾ ಸೂಜಿ ಹಾಕುತ್ತಿದ್ದುದು ನಮ್ಮ ಭಾಗದ ಹಿರಿಯರಿಗೆ ಇನ್ನೂ ನೆನಪಿದೆ. ಸೂಜಿಗೆ ಹೆದರಿ ಜೋಳದ ಹೊಲದೊಳಗೆ ಅಡಗಿ ದಾಟಿಹೋದವರ ಕಥೆಗಳೂ ಇವೆ.

ಈಗ ಪ್ಯಾಥಾಲಜಿ ಎಂದರೇನು ಎಂದು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಹೇಳಬೇಕು. ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬು ಎಂದಷ್ಟೇ ನಮಗೆ ಗೊತ್ತು. ರೋಗ ದೇಹದ ಯಾವ ಭಾಗಕ್ಕೆ ಹೋಗಿ ಏನು ಮಾಡುತ್ತದೆ ಎಂದು ಕಣ್ಣಾರೆ ಕಂಡು ಹೇಳುವ ಶಾಸ್ತ್ರವೇ ಪ್ಯಾಥಾಲಜಿ. ಅದಕ್ಕೆ ಮುಖ್ಯ ಆಧಾರ ಶವಪರೀಕ್ಷೆ. ನಮ್ಮ ಜನರಿಗೆ ಪೋಸ್ಟ್‌ಮಾರ್ಟಂ ಎಂದರೆ ಪೊಲೀಸು, ಪಂಚನಾಮೆ, ಕೋರ್ಟು. ಆದರೆ ಯಾವ ಅಪರಾಧವೂ ಇಲ್ಲದೆ ಕೇವಲ ರೋಗವನ್ನು ತಿಳಿಯಲು ಮಾಡುವ ಶವಪರೀಕ್ಷೆಯೇ ಬೇರೆ. ವೈದ್ಯನು ಬದುಕಿದ್ದಾಗ ಊಹಿಸಿದ್ದು ಸರಿಯೋ ತಪ್ಪೋ ಎಂದು ಅದು ತೋರಿಸುತ್ತದೆ. ಉತ್ತರ ಕರ್ನಾಟಕದಲ್ಲಿ ಈ ವಿಷಯವನ್ನು ಕನ್ನಡದಲ್ಲಿ, ಸಾಮಾನ್ಯರಿಗೆ ತಿಳಿಯುವಂತೆ ಹೇಳಿದವರು ಡಾ. ಸ. ಜ. ನಾಗಲೋಟಿಮಠ. 1940ರಲ್ಲಿ ಗದಗಿನಲ್ಲಿ ಹುಟ್ಟಿ, ಭಿಕ್ಷಾನ್ನದಲ್ಲಿ ಓದಿ, ಪ್ಯಾಥಾಲಜಿ ಪ್ರಾಧ್ಯಾಪಕರಾಗಿ ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಹೆಸರು ಮಾಡಿದ ಅವರು ರೋಗಗ್ರಸ್ತ ಅಂಗಗಳ ಮ್ಯೂಸಿಯಂ ಕಟ್ಟಿದರು. 'ಸತ್ತ ಮೇಲೆ ಸಮಾಜ ಸೇವೆ' ಎಂಬ ಪುಸ್ತಕ ಬರೆದರು. 2006ರಲ್ಲಿ ನಿಧನರಾಗುವವರೆಗೂ ನೇತ್ರದಾನ, ದೇಹದಾನಗಳ ಬಗ್ಗೆ ಊರೂರು ತಿರುಗಿ ಮಾತಾಡಿದರು. ಮಯ್ಯತ್ತನ್ನು ಬೇಗ ದಫನ್ ಮಾಡಬೇಕೆನ್ನುವ ನಮ್ಮ ಮನೆಗಳಲ್ಲಿ ಇಂಥ ಮಾತು ಎತ್ತುವುದು ಕಷ್ಟ, ನಿಜ. ಅದರ ಬಗ್ಗೆ ತಿಳಿದವರು ಹೇಳಲಿ. ಆದರೆ ಯಾರದೋ ಮನೆಯವರು ಆ ಕಷ್ಟವನ್ನು ನುಂಗಿಕೊಂಡದ್ದರಿಂದ ನಮಗೆ ಸಿಕ್ಕ ತಿಳುವಳಿಕೆಯನ್ನು ನಾವು ದಿನವೂ ಬಳಸುತ್ತಿದ್ದೇವೆ ಎಂಬುದನ್ನಾದರೂ ತಿಳಿದಿರಬೇಕು.

ಕಾಲರಾದ ವಿಷಯದಲ್ಲೂ ಮೊದಲ ಸುಳಿವು ಸಿಕ್ಕಿದ್ದು ಶವಪರೀಕ್ಷೆಯಿಂದಲೇ. 1854ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಫಿಲಿಪ್ಪೊ ಪಚೀನಿ ಕಾಲರಾದಿಂದ ಸತ್ತವರ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಸಂಖ್ಯ ಸೂಕ್ಷ್ಮಜೀವಿಗಳನ್ನು ಕಂಡರು. ಯಾರೂ ಕಿವಿಗೊಡಲಿಲ್ಲ. ಮೂವತ್ತು ವರ್ಷಗಳ ನಂತರ ಜರ್ಮನಿಯ ರಾಬರ್ಟ್ ಕಾಖ್ ಮೊದಲು ಈಜಿಪ್ಟಿನಲ್ಲಿ, ಅನಂತರ ಕಲ್ಕತ್ತೆಗೆ ಬಂದು, ಶವಗಳ ಕರುಳಿನಲ್ಲೂ ಕೆರೆಯ ನೀರಿನಲ್ಲೂ ಅಲ್ಪವಿರಾಮದ ಆಕಾರದ ಬ್ಯಾಕ್ಟೀರಿಯಾವನ್ನು ಕಂಡು 1884ರಲ್ಲಿ ಲೋಕಕ್ಕೆ ಸಾರಿದರು. ಇದನ್ನು ನಂಬದ ಮ್ಯೂನಿಕ್‌ನ ಪೆಟೆನ್‌ಕೋಫರ್ ಎಂಬ ಹಿರಿಯ ವಿಜ್ಞಾನಿ 1892ರಲ್ಲಿ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾವೇ ಕುಡಿದರು! ಅವರಿಗೆ ಸ್ವಲ್ಪ ಭೇದಿಯಾಯಿತೇ ಹೊರತು ಬದುಕಿಕೊಂಡರು. ವಿದ್ಯಾರ್ಥಿ ಮಿತ್ರರೇ, ದಯವಿಟ್ಟು ಇದನ್ನು ಅನುಕರಿಸಬೇಡಿ.

ರೋಗಾಣು ಸಿಕ್ಕಿತು. ಆದರೆ ಅದು ಮನುಷ್ಯನನ್ನು ಕೊಲ್ಲುವುದು ಹೇಗೆ? ಇಲ್ಲಿಯೇ ವಿಜ್ಞಾನ 70 ವರ್ಷ ದಾರಿ ತಪ್ಪಿತು. ತಪ್ಪಿಸಿದ್ದೂ ಒಂದು ರೀತಿಯಲ್ಲಿ ಶವಪರೀಕ್ಷೆಯೇ. ಕಾಲರಾ ರೋಗಿಯ ಹೆಣ ಬಿಚ್ಚಿ ನೋಡಿದರೆ ಕರುಳಿನ ಒಳಪದರ ಸುಲಿದು ಉದುರಿದಂತೆ ಕಾಣುತ್ತಿತ್ತು. ಹಾಗಾದರೆ ಈ ರೋಗ ಕರುಳಿನ ಒಳಗೋಡೆಯನ್ನೇ ಕಿತ್ತು ಹಾಕುತ್ತದೆ, ಸುಟ್ಟ ಚರ್ಮದಿಂದ ನೀರು ಒಸರುವಂತೆ ಅಲ್ಲಿಂದ ನೀರು ಸೋರುತ್ತದೆ ಎಂದು ತೀರ್ಮಾನಿಸಿದರು. ಕೆಟ್ಟ ಕರುಳಿಗೆ ನೀರು ಹಾಕಿ ಏನು ಪ್ರಯೋಜನ? ನಮ್ಮ ದಾದಿಯ ಮನೆಯ 'ಪಾನಿ ನಕ್ಕೋ' ಮಾತಿಗೂ ಈ ತೀರ್ಮಾನಕ್ಕೂ ಹೆಚ್ಚು ದೂರವಿಲ್ಲ.

ಆದರೆ ಸತ್ತ ಮೇಲೆ ದೇಹದಲ್ಲಿ ಎಲ್ಲಕ್ಕಿಂತ ಬೇಗ ಕೆಡುವ ಅಂಗಗಳಲ್ಲಿ ಕರುಳೂ ಒಂದು. ಕೆಲವೇ ಗಂಟೆಗಳಲ್ಲಿ, ಅದರಲ್ಲೂ ಸೆಕೆಯ ದೇಶದಲ್ಲಿ, ಒಳಪದರ ತಾನಾಗಿಯೇ ಕಳಚುತ್ತದೆ. ವೈದ್ಯರು ಕಂಡದ್ದು ಕಾಲರಾ ಮಾಡಿದ ಹಾನಿಯನ್ನಲ್ಲ, ಸಾವಿನ ನಂತರ ಆದ ಹಾನಿಯನ್ನು. 1923ರಲ್ಲಿ ಗುಡ್‌ಪಾಶ್ಚರ್ ಎಂಬ ಅಮೆರಿಕದ ಪ್ಯಾಥಾಲಜಿಸ್ಟ್ ಮನಿಲಾದಲ್ಲಿ, ರೋಗಿ ಸತ್ತ ಕೂಡಲೇ ತಡಮಾಡದೆ ಪರೀಕ್ಷಿಸಿ, ಕರುಳಿನ ಪದರ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ ಎಂದು ಬರೆದರು. ಹಳೆಯ ನಂಬಿಕೆ ಮಾತ್ರ ಅಲುಗಲಿಲ್ಲ.

ಇನ್ನು ಶಂಭುನಾಥರ ಕಡೆಗೆ ಬರೋಣ. ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ 1915ರ ಫೆಬ್ರವರಿ 1ರಂದು ಅವರು ಹುಟ್ಟಿದರು. ತಂದೆಯದು ಸಣ್ಣ ಅಂಗಡಿ. ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಹುಡುಗ ಮೆಟ್ರಿಕ್ ಚೆನ್ನಾಗಿ ಪಾಸಾಗಿ ಸ್ಕಾಲರ್‌ಶಿಪ್ ಪಡೆದ. ಅದರ ಬಲದಿಂದ ಹೂಗ್ಲಿ ಮೊಹಸಿನ್ ಕಾಲೇಜಿಗೆ ಸೇರಿದ.

ಈ ಕಾಲೇಜಿನ ಹೆಸರು ಕಂಡಾಗ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕುಳಿತೆ. ಹಾಜಿ ಮುಹಮ್ಮದ್ ಮೊಹಸಿನ್ ಅವರು 1732ರಲ್ಲಿ ಹೂಗ್ಲಿಯಲ್ಲಿ ಹುಟ್ಟಿದವರು. ಮದುವೆಯಾಗಲಿಲ್ಲ. ಅಕ್ಕನಿಂದ ಬಂದ ಅಪಾರ ಆಸ್ತಿಯನ್ನು 1806ರಲ್ಲಿ ಧರ್ಮಕಾರ್ಯಗಳಿಗೆಂದು ವಕ್ಫ್ ಮಾಡಿ, 1812ರಲ್ಲಿ ತೀರಿಕೊಂಡರು. ಆ ನಿಧಿಯಿಂದ 1836ರಲ್ಲಿ ಕಾಲೇಜು ಶುರುವಾಯಿತು. ಬಂಕಿಮಚಂದ್ರ ಚಟರ್ಜಿಯವರು ಓದಿದ್ದೂ ಅಲ್ಲಿಯೇ. ಮುಸ್ಲಿಮರ ವಕ್ಫ್ ಹಣದ ಕಾಲೇಜಿನಲ್ಲಿ ಮುಸ್ಲಿಂ ವಿದ್ಯಾರ್ಥಿಗಳೇ ಕಡಿಮೆ ಎಂಬ ಅಸಮಾಧಾನ ಬೆಳೆದು, 1870ರ ದಶಕದಲ್ಲಿ ಸರ್ಕಾರ ಆ ನಿಧಿಯನ್ನು ಮುಸ್ಲಿಮರ ವಿದ್ಯಾಭ್ಯಾಸಕ್ಕೆ ತಿರುಗಿಸಿತು. ಅಸಮಾಧಾನ ನ್ಯಾಯವಾದದ್ದೇ. ಆದರೂ ಆ ಕಾಲೇಜಿನ ಬಾಗಿಲಲ್ಲಿ ಅಂಗಡಿಕಾರನ ಮಗನಾದ ಶಂಭುನಾಥನಿಗೆ ಜಾಗ ಸಿಕ್ಕಿತಲ್ಲ! ನಮ್ಮಂಥ ಸಂಸ್ಥೆಗಳ ವಾರ್ಷಿಕ ಸಭೆಗಳಲ್ಲಿ ಸ್ಕಾಲರ್‌ಶಿಪ್ ಹಣದ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುವಾಗ ನನಗೆ ಇದು ನೆನಪಾಗುತ್ತದೆ.

ಮುಂದೆ ಕಲ್ಕತ್ತಾ ಮೆಡಿಕಲ್ ಕಾಲೇಜು. ಪಂಡಿತ ಮಧುಸೂದನ ಗುಪ್ತರು 1836ರಲ್ಲಿ ಸಮಾಜದ ವಿರೋಧವನ್ನು ಎದುರಿಸಿ ಶವಚ್ಛೇದನ ಮಾಡಿದ ಕಾಲೇಜು ಅದು. ಇದೇ ಕಾಲೇಜಿನಲ್ಲಿ ಪ್ಯಾಥಾಲಜಿ ಪ್ರಾಧ್ಯಾಪಕರಾಗಿದ್ದ ಲಿಯೊನಾರ್ಡ್ ರಾಜರ್ಸ್ ಅವರು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹಾಯಿಸಿ ಸಾವುಗಳನ್ನು ಅರ್ಧದಷ್ಟು ತಗ್ಗಿಸಿದ್ದರು. ಶಂಭುನಾಥರು 1939ರಲ್ಲಿ ವೈದ್ಯಪದವಿ ಪಡೆದು ಪ್ಯಾಥಾಲಜಿ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆದರು. 1947ರಲ್ಲಿ ಲಂಡನ್ನಿಗೆ ಹೋಗಿ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ರಾಯ್ ಕ್ಯಾಮರಾನ್ ಎಂಬ ಹೆಸರಾಂತ ಪ್ಯಾಥಾಲಜಿಸ್ಟರ ಕೈಕೆಳಗೆ ಕೆಲಸ ಮಾಡಿ 1949ರಲ್ಲಿ ಪಿಎಚ್‌ಡಿ ಪಡೆದರು. ಅಲ್ಲಿನ ಸಂಶೋಧನೆಗೂ ಕಾಲರಾಕ್ಕೂ ಸಂಬಂಧವಿರಲಿಲ್ಲ. ಅದು ಶ್ವಾಸಕೋಶದಲ್ಲಿ ನೀರು ತುಂಬುವುದರ ಬಗ್ಗೆ. ಆದರೆ ಪ್ರಯೋಗ ಮಾಡುವ ಶಿಸ್ತು ಅಲ್ಲಿ ಸಿಕ್ಕಿತು.

ಕಲ್ಕತ್ತೆಗೆ ಮರಳಿ ನೀಲರತನ್ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸಕ್ಕೆ ನಿಂತರು. ದೇಶ ಆಗತಾನೆ ಸ್ವತಂತ್ರವಾಗಿತ್ತು. ನಿರಾಶ್ರಿತರು ತುಂಬಿದ ನಗರ. ಕಾಲರಾ ವಾರ್ಡು ಎಂದೂ ಖಾಲಿ ಇರುತ್ತಿರಲಿಲ್ಲ. ಶಂಭುನಾಥರ ಮೊದಲ ಆಸಕ್ತಿ ಕರುಳಿನ ಮೇಲಲ್ಲ, ಮೂತ್ರಪಿಂಡದ ಮೇಲೆ. ಕಾಲರಾದ ಮೊದಲ ಹೊಡೆತ ದಾಟಿದವರಲ್ಲಿ ಕೆಲವರು ಮೂತ್ರ ನಿಂತು ಸಾಯುತ್ತಿದ್ದರು. ಅಂಥವರ ಶವಪರೀಕ್ಷೆ ಮಾಡಿ, ಮೂತ್ರಪಿಂಡಗಳನ್ನು ಸ್ಲೈಡಿಗೆ ಹಾಕಿ ಸಹೋದ್ಯೋಗಿಗಳ ಜೊತೆ ಅಧ್ಯಯನ ನಡೆಸಿದರು. ಅದರ ವರದಿ 1954ರಲ್ಲಿ ಅಚ್ಚಾಯಿತು. ಶವದ ಮೇಜಿನ ಮುಂದೆ ನಿಂತು ಅವರು ಹಿಂದಕ್ಕೆ ಹಿಂದಕ್ಕೆ ಯೋಚಿಸಿದರು. ಮೂತ್ರಪಿಂಡ ಕೆಟ್ಟದ್ದು ರಕ್ತದೊತ್ತಡ ಕುಸಿದದ್ದರಿಂದ. ಅದು ಕುಸಿದದ್ದು ದೇಹದ ನೀರೆಲ್ಲ ಹೊರಹೋದದ್ದರಿಂದ. ನೀರು ಹೋದದ್ದು ಕರುಳಿನಿಂದ. ಹಾಗಾದರೆ ನೋಡಬೇಕಾದದ್ದು ಕರುಳನ್ನು, ಅದೂ ಜೀವಂತ ಕರುಳನ್ನು.

ಆದರೆ ಹೇಗೆ? ಮೊಲಕ್ಕೋ ಗಿನಿ ಇಲಿಗೋ ಕಾಲರಾ ಬ್ಯಾಕ್ಟೀರಿಯಾ ತಿನ್ನಿಸಿದರೆ ಮನುಷ್ಯರಿಗೆ ಬರುವಂಥ ಭೇದಿ ಬರುತ್ತಿರಲಿಲ್ಲ. ಸಂಶೋಧಕರು ಅದನ್ನು ರಕ್ತಕ್ಕೆ, ಹೊಟ್ಟೆಯ ಪೊರೆಗೆ ಚುಚ್ಚಿ ಪ್ರಾಣಿ ಸತ್ತಿತೆಂದು ಬರೆಯುತ್ತಿದ್ದರು. ಅದು ಕಾಲರಾ ಅಲ್ಲವೇ ಅಲ್ಲ. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಅದರ ಒಡಲಿನಿಂದ ವಿಷ ಬಿಡುಗಡೆಯಾಗಿ ಇಡೀ ದೇಹಕ್ಕೆ ಏರುತ್ತದೆ ಎಂಬ ನಂಬಿಕೆ ಹೀಗೆ ಗಟ್ಟಿಯಾಗಿತ್ತು.

ಶಂಭುನಾಥರು ಮಾಡಿದ್ದು ಬಹಳ ಸರಳ ಕೆಲಸ. ಮೊಲಕ್ಕೆ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಸಣ್ಣ ಕರುಳಿನ ಒಂದು ಗೇಣಿಗಿಂತ ಚಿಕ್ಕ ಭಾಗವನ್ನು ಎರಡೂ ಕಡೆ ರೇಷ್ಮೆ ದಾರದಿಂದ ಬಿಗಿದರು. ಆ ಚೀಲದಂಥ ತುಂಡಿನೊಳಗೆ ಕಾಲರಾ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೂಜಿಯಿಂದ ಹಾಕಿ ಹೊಟ್ಟೆ ಹೊಲಿದರು. ಮಾರನೆಯ ದಿನ ನೋಡಿದರೆ ಆ ತುಂಡು ಬಲೂನಿನಂತೆ ಉಬ್ಬಿತ್ತು. ಒಳಗೆ ಅಕ್ಕಿ ತೊಳೆದ ನೀರಿನಂಥ ದ್ರವ, ಕಾಲರಾ ರೋಗಿಯ ಭೇದಿಯ ಹಾಗೆಯೇ. ಬ್ಯಾಕ್ಟೀರಿಯಾ ಇಲ್ಲದ ದ್ರವ ಹಾಕಿದ ತುಂಡಿನಲ್ಲಿ ಏನೂ ಆಗಿರಲಿಲ್ಲ. 1915ರಲ್ಲೇ ಇಬ್ಬರು ಸಂಶೋಧಕರು ಇಂಥ ಪ್ರಯತ್ನ ಮಾಡಿದ್ದರಾದರೂ ಅದು ಮರೆತೇ ಹೋಗಿತ್ತು. ಡಿ. ಎನ್. ಚಟರ್ಜಿಯವರ ಜೊತೆ ಶಂಭುನಾಥರು 1953ರಲ್ಲಿ ಇದನ್ನು ಪ್ರಕಟಿಸಿದರು. ದೊಡ್ಡ ಯಂತ್ರವಿಲ್ಲ, ವಿದೇಶಿ ಹಣವಿಲ್ಲ. ಒಂದು ಮೊಲ, ದಾರ, ಸೂಜಿ, ಮತ್ತು ಎಲ್ಲಿ ನೋಡಬೇಕೆಂಬ ತಿಳುವಳಿಕೆ.

1956ರಲ್ಲಿ ಅದೇ ವಿಧಾನದಿಂದ ಇನ್ನೊಂದು ವಿಷಯ ತೋರಿಸಿದರು. ಮನುಷ್ಯನ ಕರುಳಿನಲ್ಲಿ ಸಾಮಾನ್ಯವಾಗಿ ಇರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳೂ ಮೊಲದ ಕರುಳನ್ನು ಹೀಗೆಯೇ ಉಬ್ಬಿಸುತ್ತವೆ. ಮಕ್ಕಳ ಭೇದಿಗೆ, ಪರವೂರಿಗೆ ಹೋದವರ ಭೇದಿಗೆ ಇಂಥ ತಳಿಗಳು ದೊಡ್ಡ ಕಾರಣ ಎಂದು ಲೋಕ ಒಪ್ಪಲು ಇನ್ನೂ ಹಲವು ವರ್ಷ ಬೇಕಾಯಿತು.

ಉಳಿದದ್ದು ಕೊನೆಯ ಪ್ರಶ್ನೆ. ನೀರು ಸೋರಿಸುವುದು ಬ್ಯಾಕ್ಟೀರಿಯಾವೋ, ಅದು ಹೊರಗೆ ಬಿಡುವ ವಿಷವೋ? 1955ರಿಂದ ಅವರು ಕಲ್ಕತ್ತಾ ಮೆಡಿಕಲ್ ಕಾಲೇಜಿನ ಪ್ಯಾಥಾಲಜಿ ವಿಭಾಗದ ಮುಖ್ಯಸ್ಥರಾಗಿದ್ದರು. ಬ್ಯಾಕ್ಟೀರಿಯಾ ಬೆಳೆದ ಪೆಪ್ಟೋನ್ ನೀರನ್ನು ಸೋಸಿ, ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಮಾಡಿ, ಆ ತಿಳಿನೀರನ್ನು ಮಾತ್ರ ಕರುಳಿನ ತುಂಡಿಗೆ ಹಾಕಿದರು. ಕರುಳು ಉಬ್ಬಿತು! ಅಲ್ಲಿಗೆ ಕಾಲರಾದ ಗುಟ್ಟು ಬಯಲಾಯಿತು. ಬ್ಯಾಕ್ಟೀರಿಯಾ ಜೀವಂತವಿರುವಾಗಲೇ ಒಂದು ವಿಷವನ್ನು ಹೊರಗೆ ಬಿಡುತ್ತದೆ, ಅದು ಕರುಳಿನ ಒಳಪದರದ ಮೇಲೆ ಕೆಲಸ ಮಾಡುತ್ತದೆ. ಎರಡು ಪುಟವೂ ತುಂಬದ ಈ ಲೇಖನ 1959ರ ಮೇ ತಿಂಗಳಲ್ಲಿ ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ ಬಂತು. ಲೇಖಕರ ಹೆಸರು ಒಂದೇ.

ಮುಂದಿನ ವರ್ಷಗಳಲ್ಲಿ ಇದರ ವಿವರ ಬೇರೆಯವರಿಂದ ತಿಳಿಯಿತು. 1960ರ ಸುಮಾರಿಗೆ ಬದುಕಿರುವ ರೋಗಿಗಳ ಕರುಳಿನ ಚೂರು ತೆಗೆದು ಪರೀಕ್ಷಿಸಿದಾಗ ಒಳಪದರ ಗಟ್ಟಿಯಾಗಿಯೇ ಇದ್ದುದು ಖಚಿತವಾಯಿತು. 1969ರಲ್ಲಿ ಅಮೆರಿಕದ ಫಿಂಕೆಲ್‌ಸ್ಟೀನ್ ಮತ್ತು ಲೋಸ್ಪಲುಟೊ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಕರುಳಿನ ಜೀವಕೋಶವನ್ನು ಕೊಲ್ಲುವುದಿಲ್ಲ, ಅದರ ಸ್ವಿಚ್ಚನ್ನು ಕೆಡಿಸುತ್ತದೆ. ಬೋರ್‌ವೆಲ್ ಮೋಟಾರಿನ ಸ್ವಿಚ್ಚು ಆಫ್ ಆಗದೆ ಸಿಕ್ಕಿಕೊಂಡರೆ ಏನಾಗುತ್ತದೆ? ಅದೇ ಆಗುತ್ತದೆ. ದೇಹದ ಉಪ್ಪೂ ನೀರೂ ಕರುಳಿನೊ‌ಳಗೆ ಹರಿಯುತ್ತಲೇ ಇರುತ್ತವೆ. ರೋಗ ತೀವ್ರವಾದವರು ಗಂಟೆಗೆ ಒಂದು ಲೀಟರಿನವರೆಗೆ ನೀರು ಕಳೆದುಕೊಳ್ಳಬಹುದು.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಕರುಳಿನ ಗೋಡೆ ಗಟ್ಟಿಯಾಗಿದೆ ಎಂದ ಮೇಲೆ ಅದು ನೀರನ್ನು ಹೀರಿಕೊಳ್ಳಲೂಬಲ್ಲದು. ಸಕ್ಕರೆಯ ಜೊತೆ ಉಪ್ಪು ಕೊಟ್ಟರೆ ಕರುಳಿನಲ್ಲಿ ಅವುಗಳಿಗೆ ಬೇರೆಯೇ ಒಂದು ಬಾಗಿಲಿದೆ. ಕಾಲರಾ ವಿಷ ಆ ಬಾಗಿಲನ್ನು ಮುಟ್ಟುವುದಿಲ್ಲ. ಸಕ್ಕರೆ ಉಪ್ಪನ್ನು ಎಳೆದುಕೊಂಡು ಒಳಹೋಗುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಓಆರ್‌ಎಸ್ ಎಂದರೆ ಇಷ್ಟೇ. ಇದು ನೇರವಾಗಿ ಶಂಭುನಾಥರ ಪ್ರಯೋಗಾಲಯದಿಂದ ಬಂದದ್ದಲ್ಲ. ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿ 1953ರಲ್ಲೇ, ಅಂದರೆ ಶಂಭುನಾಥರ ಮೊಲದ ಲೇಖನ ಬಂದ ವರ್ಷವೇ, ಬಾಯಿಂದ ಉಪ್ಪು ಸಕ್ಕರೆಯ ನೀರು ಕೊಟ್ಟು ಕಾಲರಾ ರೋಗಿಗಳನ್ನು ಉಳಿಸಿದ್ದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಆಗ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಕರುಳು ಕೆಟ್ಟಿದೆ ಎಂಬ ನಂಬಿಕೆ ಇರುವಾಗ ಯಾರು ತಾನೇ ನಂಬುತ್ತಾರೆ? 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿ ನಡೆದ ಪ್ರಯೋಗಗಳ ಬಳಿಕ ಲೋಕ ಕಣ್ಣು ತೆರೆಯಿತು.

ನಿಜವಾದ ಪರೀಕ್ಷೆ 1971ರಲ್ಲಿ ಆಯಿತು. ಬಾಂಗ್ಲಾ ಯುದ್ಧದ ಸಮಯ. ಗಡಿಯ ಬನಗಾಂವ್‌ನಲ್ಲಿ ನಿರಾಶ್ರಿತರ ಶಿಬಿರದೊಳಗೆ ಕಾಲರಾ ಹಬ್ಬಿ, ಆಸ್ಪತ್ರೆಯ ನೆಲದ ಮೇಲೂ ಮಲಗಲು ಜಾಗವಿರಲಿಲ್ಲ. ಡ್ರಿಪ್ ಹಾಕಲು ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸಕ್ಕರೆ, ಸೋಡಾಗಳ ಪುಡಿಯನ್ನು ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರೇ ಲೋಟದಲ್ಲಿ ತೆಗೆದು ಕುಡಿಸುವಂತೆ ಮಾಡಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಮಹಲನಾಬಿಸ್ ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಶಂಭುನಾಥರಿಗೆ ಅಂಥದ್ದು ಯಾವುದೂ ಬರಲಿಲ್ಲ. 1973ರಲ್ಲಿ ನಿವೃತ್ತರಾದರು. ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಿಕೊಳ್ಳಲಿಲ್ಲ. ಆದರೆ ಅಮೆರಿಕದ ನೊಬೆಲ್ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಅವರು ಇವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. 1978ರಲ್ಲಿ ಸ್ವೀಡನ್ನಿನ ನೊಬೆಲ್ ಪ್ರತಿಷ್ಠಾನ ಕಾಲರಾ ಕುರಿತು ನಡೆಸಿದ ವಿಚಾರಗೋಷ್ಠಿಗೆ ಇವರನ್ನು ಕರೆಸಿಕೊಂಡಿತು. ತವರಿನಲ್ಲಿ ಸಿಗದ ಗೌರವ ಹೊರಗೆ ಸಿಕ್ಕಿತು. ಅವರು ತಮ್ಮ ಸಂಶೋಧನೆಯನ್ನು ತಾವೇ ಹೊಗಳಿಕೊಂಡು ತಿರುಗುವ ಸ್ವಭಾವದವರೂ ಆಗಿರಲಿಲ್ಲ. 1985ರ ಏಪ್ರಿಲ್ 15ರಂದು ತೀರಿಕೊಂಡರು. ಐದು ವರ್ಷಗಳ ಮೇಲೆ, 1990ರಲ್ಲಿ, ನಮ್ಮ ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆ ಅವರ ಕುರಿತು ವಿಶೇಷ ಸಂಚಿಕೆ ತಂದು ದೇಶದ ವಿಜ್ಞಾನಿಗಳಿಗೆ ಅವರನ್ನು ನೆನಪಿಸಿತು. ಕರ್ನಾಟಕದವರಾದ ನಮಗೆ ಸಮಾಧಾನದ ಸಂಗತಿ ಎಂದರೆ ಅಷ್ಟೇ.

ಕಾಲರಾ ಹಳೆಯ ಕಥೆ ಎಂದು ನನ್ನ ಏಳನೇ ತರಗತಿಯ ಮಕ್ಕಳಂತೆ ನಾವೂ ಅಂದುಕೊಳ್ಳಬಹುದು. 2021ರಲ್ಲಿ ಹೂವಿನಹಡಗಲಿ ತಾಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತ ಕುಡಿಯುವ ನೀರಿನಿಂದ ವಾಂತಿಭೇದಿ ಹರಡಿ ಆರು ಜನ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ನಮ್ಮ ಮನೆಯಿಂದ ಒಂದು ಬಸ್ಸಿನ ದೂರ. ವಾಂತಿಭೇದಿ ಎಲ್ಲವೂ ಕಾಲರಾ ಅಲ್ಲ. ಆದರೆ ದೇಹದಿಂದ ಹೋಗುವ ನೀರು ಎರಡರಲ್ಲೂ ಒಂದೇ, ಅದನ್ನು ತುಂಬುವ ಬಗೆಯೂ ಒಂದೇ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಮಟ್ಟಸವಾಗಿರಬೇಕು. ಮಕರಬ್ಬಿಯ ಸುದ್ದಿ ಪತ್ರಿಕೆಯಲ್ಲಿ ಬಂದ ವಾರ ಇದನ್ನು ನಮ್ಮ ಶಾಲೆಯ ಬೋರ್ಡಿನ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದಿದ್ದೆವು. ಕೆಲವು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ ಮನೆಯಲ್ಲಿ ತೋರಿಸಿದರು. ಒಬ್ಬ ತಾಯಿ ಮಾರನೇ ದಿನ ಶಾಲೆಗೇ ಬಂದು, "ಭೇದಿ ಆಗೋವಾಗ ನೀರು ಕೊಟ್ರೆ ಹೆಚ್ಚಾಗಲ್ವಾ ಮಾಸ್ತರೇ?" ಎಂದು ಕೇಳಿದರು.

ಕಳೆದ ಸಲ ಕೊಟ್ಟೂರಿನ ತೇರಿಗೆ ಹೋದಾಗ ರಸ್ತೆಯ ಪಕ್ಕ ಆರೋಗ್ಯ ಇಲಾಖೆಯ ಪೆಂಡಾಲು ಹಾಕಿದ್ದರು. ದೂರದಿಂದ ನಡೆದು ಬಂದ ಪಾದಯಾತ್ರಿಯೊಬ್ಬರು ಹೊಟ್ಟೆ ಹಿಡಿದುಕೊಂಡು ಕುಳಿತಿದ್ದರು. ನರ್ಸ್ ಒಂದು ಪೊಟ್ಟಣ ಹರಿದು ಲೀಟರ್ ಬಾಟಲಿಗೆ ಸುರಿದು, ಮುಚ್ಚಳ ಹಾಕಿ ಅಲುಗಾಡಿಸಿ ಅವರ ಕೈಗೆ ಕೊಟ್ಟರು. "ಅಜ್ಜಾರೇ, ಸ್ವಲ್ಪ ಸ್ವಲ್ಪ ಕುಡೀತಾ ಇರ್ರೀ, ವಾಂತಿ ಆದ್ರೂ ಬಿಡಬ್ಯಾಡ್ರೀ" ಎಂದು ಹೇಳಿ ಮುಂದಿನವರ ಕಡೆ ಹೋದರು.